ಕಾನೂನು ಪುಕ್ಕಟೆ ಸಿಗುತ್ತದೆ, ಪಾಠ ಎಲ್ಲಿ?

2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಭಾರತೀಯ ಸಾಕ್ಷ್ಯ ಅಧಿನಿಯಮ ಮೂರೂ ಜಾರಿಗೆ ಬಂದವು. 1860ರ ದಂಡ ಸಂಹಿತೆ, 1872ರ ಸಾಕ್ಷ್ಯ ಕಾಯ್ದೆ ರಾತ್ರಿ ಬೆಳಗಾಗುವುದರೊಳಗೆ ಹಳೇ ಕೇಸುಗಳಿಗಷ್ಟೇ ಉಳಿದುಕೊಂಡವು. ಆ ವಾರ ನನ್ನ ತರಗತಿಗೆ ಬಂದ ಹುಡುಗರ ಬ್ಯಾಗಿನಲ್ಲಿದ್ದದ್ದು ಸೀನಿಯರುಗಳಿಂದ ಅರ್ಧ ಬೆಲೆಗೆ ಕೊಂಡ ಗೈಡುಗಳು. ಅವುಗಳಲ್ಲಿ ಕೊಲೆ ಎಂದರೆ ಇನ್ನೂ 302, ವಂಚನೆ ಎಂದರೆ 420. ಹೊಸ ಕಾಯ್ದೆಯಲ್ಲಿ ಕೊಲೆಯ ಶಿಕ್ಷೆ 103ಕ್ಕೂ ವಂಚನೆ 318ಕ್ಕೂ ಹೋಗಿ ಕೂತಿದ್ದವು. ‘ಹೊಸ ಗೈಡ್ ಬರೋವರೆಗೆ ಎಂತ ಓದೋದು ಮೇಡಂ?’ ಎಂದು ಬಾಳೂರು ಕಡೆಯ ಹುಡುಗನೊಬ್ಬ ಕೇಳಿದ. ಆ ಕಾಯ್ದೆಗಳು ರಾಜ್ಯಪತ್ರದಲ್ಲಿ ಪ್ರಕಟವಾದದ್ದು 2023ರ ಡಿಸೆಂಬರ್ 25ರಂದು. ಆರು ತಿಂಗಳು ಅವು ಯಾರು ಬೇಕಾದರೂ ಓದುವಂತೆ ಸರ್ಕಾರದ ಜಾಲತಾಣದಲ್ಲೇ ಇದ್ದವು. ಫೋನು ಅವನ ಜೇಬಿನಲ್ಲೇ ಇತ್ತು. ಕಾನೂನನ್ನು ಕಾನೂನಿನಲ್ಲೇ ಓದಬಹುದು ಎಂದು ಎರಡು ವರ್ಷದ ಪಾಠದಲ್ಲಿ ಅವನಿಗೆ ಯಾರೂ ತೋರಿಸಿಕೊಟ್ಟಿರಲಿಲ್ಲ.

ನಾನು ಮೂಡಿಗೆರೆಯಲ್ಲಿ ವಕೀಲಿ ಮಾಡುವವಳು. ಜೊತೆಗೆ ಕಾನೂನು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಬೆಳಿಗ್ಗೆ ಪಾಠ, ಆಮೇಲೆ ಕೋರ್ಟು ಎಂದು ಎರಡೂ ಕಡೆ ಓಡಾಡುವವರಿಗೆ ಇವೆರಡರ ನಡುವಿನ ದೂರ ಚೆನ್ನಾಗಿ ಕಾಣುತ್ತದೆ. ಈಚೆಗೆ ಕಾನೂನು ಶಿಕ್ಷಣದಲ್ಲಿ ತಂತ್ರಜ್ಞಾನ ಎಂಬ ವಿಷಯದ ಮೇಲೆ ವಿಚಾರ ಸಂಕಿರಣಗಳು ಬಹಳ ನಡೆಯುತ್ತಿವೆ. ಅಲ್ಲಿ ಸ್ಮಾರ್ಟ್ ಬೋರ್ಡ್, ಸ್ಟುಡಿಯೋ, ಆ್ಯಪ್‌ಗಳ ಮಾತೇ ಮಾತು. ನನಗೆ ಬೇಕಾಗಿರುವುದು ಅದಕ್ಕಿಂತ ಅಗ್ಗದ್ದು, ಆದರೆ ಕಷ್ಟದ್ದು: ಪುಕ್ಕಟೆ ಸಿಗುವ ಮೂಲಪಠ್ಯವನ್ನು ತರಗತಿಯಲ್ಲಿ ಕೂತು ಓದಿಸುವ ಅಭ್ಯಾಸ, ಮತ್ತು ಅದಕ್ಕೆ ನೆರವಾಗುವಂಥ, ಯಾರು ಬೇಕಾದರೂ ನಕಲು ಮಾಡಿ ತಿದ್ದಿಕೊಳ್ಳಬಹುದಾದ ಕನ್ನಡ ಪಾಠಗಳು.

ಉಳಿದ ವಿಷಯದ ಮೇಷ್ಟರುಗಳಿಗಿಲ್ಲದ ಅನುಕೂಲವೊಂದು ನಮಗಿದೆ. ನಾವು ಕಲಿಸುವ ಮೂಲಸಾಮಗ್ರಿಗೆ ಮಾಲೀಕರಿಲ್ಲ. ಕೋರ್ಟಿನ ತೀರ್ಪನ್ನು ಮರುಮುದ್ರಿಸಿದರೆ ಅದು ಉಲ್ಲಂಘನೆಯಲ್ಲ ಎಂದು 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ನೇ ಹೇಳುತ್ತದೆ. ಪ್ರಕಾಶಕರು ತಾವು ಬರೆದ ಸಾರಾಂಶ, ಟಿಪ್ಪಣಿಗಳ ಮೇಲೆ ಹಕ್ಕು ಸಾಧಿಸಬಹುದು, ತೀರ್ಪಿನ ಮೇಲಲ್ಲ ಎಂದು 2007ರ ಡಿಸೆಂಬರ್‌ನಲ್ಲಿ ಈಸ್ಟರ್ನ್ ಬುಕ್ ಕಂಪನಿ ಮತ್ತು ಡಿ.ಬಿ. ಮೋದಕ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಪಾಠಕ್ಕಾಗಿ ಪುಸ್ತಕದ ಭಾಗಗಳನ್ನು ಜೆರಾಕ್ಸ್ ಮಾಡಿಸುವ ವಿಷಯವೂ ಕೋರ್ಟು ಕಂಡಾಗಿದೆ. ದೆಹಲಿ ವಿಶ್ವವಿದ್ಯಾಲಯದ ಆವರಣದ ಜೆರಾಕ್ಸ್ ಅಂಗಡಿಯೊಂದರ ಮೇಲೆ ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ನಂಥ ದೊಡ್ಡ ಪ್ರಕಾಶಕರು ಹಾಕಿದ್ದ ದಾವೆ 2016ರಲ್ಲಿ ದೆಹಲಿ ಹೈಕೋರ್ಟಿನಲ್ಲಿ ನಿಲ್ಲಲಿಲ್ಲ. ಮರುವರ್ಷ ಅವರೇ ಹಿಂದೆಗೆದುಕೊಂಡರು.

ಸಾಮಗ್ರಿಗೂ ಬರವಿಲ್ಲ. ಸುಶಾಂತ್ ಸಿನ್ಹಾ ಎಂಬ ಕಂಪ್ಯೂಟರ್ ಎಂಜಿನಿಯರ್ 2008ರಲ್ಲಿ ‘ಇಂಡಿಯನ್ ಕಾನೂನ್’ ಶುರುಮಾಡಿದರು. ಇವತ್ತು ತಾಲ್ಲೂಕು ಕೋರ್ಟಿನ ಜೂನಿಯರಿನಿಂದ ಹಿಡಿದು ದೆಹಲಿಯ ಹಿರಿಯ ವಕೀಲರವರೆಗೆ ಅದನ್ನು ತೆರೆಯದವರಿಲ್ಲ. ಕೇಂದ್ರದ ಕಾಯ್ದೆಗಳಿಗೆ ‘ಇಂಡಿಯಾ ಕೋಡ್’ ಇದೆ. ಸುಪ್ರೀಂ ಕೋರ್ಟ್ ತನ್ನ ಅಧಿಕೃತ ವರದಿಗಳನ್ನು 2023ರ ಜನವರಿಯಿಂದ ‘ಇ-ಎಸ್‌ಸಿಆರ್’ ಹೆಸರಿನಲ್ಲಿ ಉಚಿತವಾಗಿ ಕೊಡುತ್ತಿದೆ. ಕೆಲವು ತೀರ್ಪುಗಳ ಕನ್ನಡ ಅನುವಾದವೂ ಅಲ್ಲಿದೆ. ರಾಜ್ಯದ ಕಾಯ್ದೆಗಳ ಕನ್ನಡ ಪಾಠ ಸಂಸದೀಯ ವ್ಯವಹಾರಗಳ ಇಲಾಖೆಯ ಜಾಲತಾಣದಲ್ಲಿ ಸಿಗುತ್ತದೆ. ಸಂವಿಧಾನ ರಚನಾ ಸಭೆಯ ಚರ್ಚೆಗಳನ್ನು ಬೆಂಗಳೂರಿನ ಸೆಂಟರ್ ಫಾರ್ ಲಾ ಆ್ಯಂಡ್ ಪಾಲಿಸಿ ರಿಸರ್ಚ್ ಹುಡುಕಿ ಓದುವಂತೆ ಜೋಡಿಸಿಟ್ಟಿದೆ.

ಕೋರ್ಟು ಕಲಾಪವೂ ಈಗ ಮನೆಗೆ ಬರುತ್ತದೆ. ಇದರ ಹಿಂದೆ ಒಬ್ಬ ವಿದ್ಯಾರ್ಥಿ ಇದ್ದಾನೆ ಎಂಬುದನ್ನು ನಾನು ಪ್ರತಿ ವರ್ಷ ಮೊದಲ ತರಗತಿಯಲ್ಲೇ ಹೇಳುತ್ತೇನೆ. ಸೋಮವಾರ, ಶುಕ್ರವಾರ ಇಂಟರ್ನ್‌ಗಳು ಸುಪ್ರೀಂ ಕೋರ್ಟಿನ ಹಾಲ್‌ಗಳಿಗೆ ಬರುವಂತಿಲ್ಲ ಎಂಬ ನಿರ್ಬಂಧವನ್ನು ಪ್ರಶ್ನಿಸಿದವರು ಸ್ವಪ್ನಿಲ್ ತ್ರಿಪಾಠಿ, ಆಗ ಅವರು ಕಾನೂನು ವಿದ್ಯಾರ್ಥಿ. ಆ ಪ್ರಕರಣದಲ್ಲೇ 2018ರ ಸೆಪ್ಟೆಂಬರ್ 26ರಂದು ನೇರಪ್ರಸಾರಕ್ಕೆ ಒಪ್ಪಿಗೆ ಸಿಕ್ಕಿತು. ನಮ್ಮ ಹೈಕೋರ್ಟಿನ ನೇರಪ್ರಸಾರ ನಿಯಮಗಳು 2022ರ ಜನವರಿ 1ರಿಂದ ಜಾರಿಯಲ್ಲಿವೆ. ಕಳಸದಿಂದ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ ಹೈಕೋರ್ಟಿನ ಗೇಟಿನಲ್ಲಿ ಪಾಸಿಗೆ ಕಾಯಬೇಕಿದ್ದ ಹುಡುಗಿ ಈಗ ಮನೆಯ ಜಗಲಿಯಲ್ಲಿ ಕೂತು ರಿಟ್ ಅರ್ಜಿಯ ವಾದ ಕೇಳಬಹುದು. ಹಾಗೆಂದು ವಿಡಿಯೋ ಕತ್ತರಿಸಿ ಸ್ಟೇಟಸ್ಸಿಗೆ ಹಾಕುವಂತಿಲ್ಲ. ಅನುಮತಿ ಇಲ್ಲದೆ ಅದನ್ನು ಹಂಚುವುದನ್ನು ಅದೇ ನಿಯಮಗಳು ತಡೆಯುತ್ತವೆ. ಅಧಿಕೃತ ರೆಕಾರ್ಡಿಂಗನ್ನು ಮೂಲರೂಪದಲ್ಲಿ ಶಿಕ್ಷಣಕ್ಕೆ ಬಳಸಲು ಕೋರ್ಟು ಅನುಮತಿ ಕೊಡಬಹುದು. ರಾಜ್ಯದ ಕಾಲೇಜುಗಳೆಲ್ಲ ಒಟ್ಟಾಗಿ ಇಂಥ ಅನುಮತಿ ಕೇಳಬಾರದೇಕೆ?

ಇಷ್ಟೆಲ್ಲ ಇದ್ದೂ ಗೈಡೇ ಗೆಲ್ಲುತ್ತಿದೆ. ಕಾರಣ ಪರೀಕ್ಷೆ. ‘ಟಿಪ್ಪಣಿ ಬರೆಯಿರಿ’ ಎಂಬ ಪ್ರಶ್ನೆಗೆ ಗೈಡಿನ ಒಂದು ಪುಟ ಸಾಕು. ತೀರ್ಪು ಓದಿದವನಿಗೂ ತೀರ್ಪಿನ ಹೆಸರು ಉರುಹೊಡೆದವನಿಗೂ ಅಂಕ ಒಂದೇ. ಹುಡುಗರು ದಡ್ಡರಲ್ಲ, ಲೆಕ್ಕ ಅವರಿಗೆ ಗೊತ್ತು.

ಮೂಲಪಠ್ಯ ಓದಿಸಿದರೆ ಏನಾಗುತ್ತದೆ ಎಂಬುದನ್ನು ನಮ್ಮ ಊರಿನದೇ ಕೇಸಿನಿಂದ ಹೇಳುತ್ತೇನೆ. 2002ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟ್ ಕೊಟ್ಟ ಕೆ.ಎಂ. ಚಿಣ್ಣಪ್ಪ ಪ್ರಕರಣದ ತೀರ್ಪು ಪರಿಸರ ಕಾನೂನಿನ ಪಠ್ಯದಲ್ಲಿದೆ. ನಾನು ಕಂಡ ಗೈಡುಗಳಲ್ಲಿ ಅದಕ್ಕೆ ಮೂರ್ನಾಲ್ಕು ಸಾಲು: ಕುದುರೆಮುಖ, ಗಣಿಗಾರಿಕೆ, ನಿಲ್ಲಿಸಲಾಯಿತು. ಆದರೆ ನನ್ನ ತರಗತಿಯಲ್ಲಿ ಕುದುರೆಮುಖ ಎಂದರೆ ಯಾರದೋ ಅಪ್ಪ ಕೆಲಸ ಮಾಡಿದ ಕಂಪನಿ, ಯಾರದೋ ಗದ್ದೆಯ ಪಕ್ಕದ ಭದ್ರಾ ಹೊಳೆಗೆ ಕೆಂಪು ನೀರು ಬಂದ ಕಾಲ. ತೀರ್ಪನ್ನು ಪೂರ್ತಿ ಪ್ರಿಂಟು ತೆಗೆಸಿ, ಪ್ಯಾರಾ ಪ್ಯಾರಾ ಹಂಚಿ ಓದಿಸಿದೆ. ಇಂಗ್ಲಿಷ್ ಕಷ್ಟವಾದಲ್ಲಿ ಕನ್ನಡದಲ್ಲಿ ಒಬ್ಬರಿಗೊಬ್ಬರು ಹೇಳಿಕೊಂಡರು. ಡಾಲರಿನ ದಾರಿಯೋ ಪರಿಸರದ ದಾರಿಯೋ ಎಂದು ನ್ಯಾಯಮೂರ್ತಿ ಅರಿಜಿತ್ ಪಸಾಯತ್ ಶುರುವಿನಲ್ಲೇ ಪ್ರಶ್ನೆ ಎತ್ತಿರುವುದನ್ನು ಒಬ್ಬಳು ಗುರುತಿಸಿದಳು. ಗುತ್ತಿಗೆ ಅವಧಿ 1999ರಲ್ಲೇ ಮುಗಿದಿತ್ತು ಎಂಬುದು ಇನ್ನೊಬ್ಬನ ಕಣ್ಣಿಗೆ ಬಿತ್ತು. ಕೋರ್ಟು ಆ ದಿನವೇ ಬಾಗಿಲು ಹಾಕಿಸಲಿಲ್ಲ, ಆಗಲೇ ಅಗೆದಿದ್ದ ಜಾಗದಲ್ಲಿ 2005ರ ಕೊನೆಯವರೆಗೆ ಅವಕಾಶ ಕೊಟ್ಟಿತು ಎಂಬುದು ಹಲವರಿಗೆ ಹೊಸ ಸುದ್ದಿ. ಸಂಸೆಯ ಹುಡುಗನೊಬ್ಬ, ‘ಊರು ಖಾಲಿಯಾದ್ದು ಇದರಲ್ಲಿ ಎಲ್ಲಿದೆ ಮೇಡಂ?’ ಎಂದ. ಕೋರ್ಟಿನ ಮುಂದೆ ಯಾವ ಪ್ರಶ್ನೆ ಇತ್ತು, ಯಾವುದು ಇರಲಿಲ್ಲ ಎಂಬ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಪೀಠಿಕೆ ನನಗೆ ಬೇಕಿರಲಿಲ್ಲ.

ಇನ್ನೊಂದು ಪಾಠ ಇವತ್ತಿನ ಬಿಸಿ ವಿಷಯ. ಸಾಲ ಕಟ್ಟಲಾಗದ ಬೆಳೆಗಾರರ ತೋಟಗಳನ್ನು ಸರ್ಫೇಸಿ ಕಾಯ್ದೆಯಡಿ ಬ್ಯಾಂಕುಗಳು ಆನ್‌ಲೈನ್ ಹರಾಜಿಗೆ ಹಾಕುವುದು ಈ ಜಿಲ್ಲೆಯಲ್ಲಿ ಮನೆಮಾತು. 2002ರ ಆ ಕಾಯ್ದೆಯ 31ನೇ ಸೆಕ್ಷನ್ ಕೃಷಿ ಭೂಮಿಗೆ ರಕ್ಷಣೆ ಕೊಟ್ಟಿದೆ. ಹಾಗಾದರೆ ಕಾಫಿ ತೋಟ ಕೃಷಿ ಭೂಮಿಯೇ? ನಮ್ಮ ಭೂ ಸುಧಾರಣಾ ಕಾಯ್ದೆಯ 104ನೇ ಸೆಕ್ಷನ್ ಪ್ಲಾಂಟೇಶನ್ನುಗಳಿಗೆ ಹಲವು ನಿಯಮಗಳಿಂದ ವಿನಾಯಿತಿ ಕೊಟ್ಟು ಬೇರೆಯಾಗಿಯೇ ಇಟ್ಟಿದೆ. ಭೂಮಿಯ ಸ್ವರೂಪ ಕಂದಾಯ ದಾಖಲೆಯೊಂದರಿಂದಲೇ ತೀರ್ಮಾನವಾಗದು, ಬಳಕೆಯನ್ನೂ ನೋಡಬೇಕು ಎಂದು 2018ರಲ್ಲಿ ಇಂಡಿಯನ್ ಬ್ಯಾಂಕ್ ಮತ್ತು ಪಪ್ಪಿರೆಡ್ಡಿಯಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ವಿದ್ಯಾರ್ಥಿಗಳು ಎರಡೂ ಕಾಯ್ದೆ ಇಳಿಸಿಕೊಂಡರು, ತೀರ್ಪು ತೆರೆದರು, ‘ಭೂಮಿ’ ಜಾಲತಾಣದಿಂದ ತಮ್ಮ ಮನೆಯದೇ ಪಹಣಿ ತೆಗೆದರು. ಅರ್ಧ ತರಗತಿ ಬ್ಯಾಂಕಿನ ಪರ, ಅರ್ಧ ಬೆಳೆಗಾರರ ಪರ. ಮೂಟ್ ಕೋರ್ಟಿಗೆಂದು ಮುಂಬೈ ಕಂಪನಿಗಳ ಕಾಲ್ಪನಿಕ ಜಗಳ ಕೊಟ್ಟಾಗ ಬಾಯಿ ಬಿಡದಿದ್ದವರೂ ಅವತ್ತು ಗಂಟಲು ಹರಿಯುವಂತೆ ವಾದಿಸಿದರು. ಇಡೀ ಪಾಠದ ಖರ್ಚು ಪ್ರಿಂಟಿನ ದುಡ್ಡು.

ಮೂರನೆಯದು ಇನ್ನೂ ಸರಳ. ಪ್ರತಿ ಕೇಸಿಗೂ ಹದಿನಾರು ಅಕ್ಷರ–ಅಂಕಿಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ. ಇ-ಕೋರ್ಟ್ಸ್ ಆ್ಯಪಿನಲ್ಲಿ ಅದನ್ನು ಹಾಕಿದರೆ ದಾವೆ ಯಾವತ್ತು ದಾಖಲಾಯಿತು, ಸಮನ್ಸ್ ಯಾವಾಗ ಹೋಯಿತು, ಎಷ್ಟು ಸಲ ಮುಂದಕ್ಕೆ ಹೋಯಿತು ಎಲ್ಲ ಕಾಣುತ್ತದೆ. ಸೆಮಿಸ್ಟರ್ ಶುರುವಿನಲ್ಲಿ ಒಬ್ಬೊಬ್ಬರಿಗೂ ಒಂದು ಸಿವಿಲ್ ದಾವೆ ಕೊಟ್ಟು ಕೊನೆಯವರೆಗೆ ಹಿಂಬಾಲಿಸಿ ಎನ್ನುತ್ತೇನೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶಗಳು ಎಷ್ಟು ಹೊತ್ತು ತೆಗೆದುಕೊಳ್ಳುತ್ತವೆ ಎಂಬುದು ಆಗ ಹೇಳಿಕೊಡದೆಯೇ ತಿಳಿಯುತ್ತದೆ.

ಇಷ್ಟು ಹೇಳಿದರೆ ಬರುವ ಮೊದಲ ಆಕ್ಷೇಪ ನೆಟ್‌ವರ್ಕಿನದು. ನ್ಯಾಯವಾದ ಆಕ್ಷೇಪವೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಕರೆಂಟು ಹೋದರೆ ಸುದ್ದಿಯಲ್ಲ, ಬಂದರೆ ಸುದ್ದಿ. ಕರೆಂಟಿನ ಹಿಂದೆಯೇ ಟವರೂ ಹೋಗುತ್ತದೆ. ಕೋವಿಡ್ ಕಾಲದಲ್ಲಿ ಮಲೆನಾಡಿನ ಮಕ್ಕಳು ಗುಡ್ಡ ಹತ್ತಿ, ಟಾರ್ಪಾಲ್ ಕಟ್ಟಿಕೊಂಡು ಆನ್‌ಲೈನ್ ಕ್ಲಾಸು ಕೇಳಿದ್ದನ್ನು ಪತ್ರಿಕೆಗಳು ಬರೆದಿವೆ. ಹಾಗಾಗಿಯೇ ವಿಡಿಯೋ ಉಪನ್ಯಾಸಗಳ ಮೇಲೆ ನನಗೆ ಅಷ್ಟು ಭರವಸೆ ಇಲ್ಲ. 2017ರಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ‘ಸ್ವಯಂ’ನಲ್ಲಿ ಒಳ್ಳೆಯ ಕೋರ್ಸುಗಳಿವೆ, ಆದರೆ ಗಂಟೆಗಟ್ಟಲೆ ವಿಡಿಯೋ ಹೊರನಾಡಿನ ಮಳೆಗಾಲಕ್ಕೆ ಒಗ್ಗುವುದಿಲ್ಲ. ಒಂದು ಇಡೀ ತೀರ್ಪಿನ ಅಕ್ಷರಪಠ್ಯ ಮಾತ್ರ ಫೋನಿನಲ್ಲಿ ತೆಗೆದ ಒಂದು ಫೋಟೋಗಿಂತ ಹಗುರ. ಕೊಟ್ಟಿಗೆಹಾರದಲ್ಲಿ ಬಸ್ಸು ನಿಂತಷ್ಟು ಹೊತ್ತಿನಲ್ಲಿ ಇಳಿಸಿಕೊಳ್ಳಬಹುದು, ವಾಟ್ಸ್ಆ್ಯಪಿನಲ್ಲಿ ದಾಟಿಸಬಹುದು, ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟು ತೆಗೆಸಿ ಲೈಬ್ರರಿಯಲ್ಲಿಡಬಹುದು. ತಂತ್ರಜ್ಞಾನ ತರಗತಿಯ ಜಾಗಕ್ಕೆ ಬರುವ ಪ್ರಶ್ನೆಯೂ ಇಲ್ಲ. ಬಾರ್ ಕೌನ್ಸಿಲಿನ 2008ರ ನಿಯಮಗಳ ಪ್ರಕಾರ ಎಲ್‌ಎಲ್‌ಬಿಗೆ ಹಾಜರಾತಿ ಬೇಕೇ ಬೇಕು. ಆ ಹಾಜರಾತಿಯ ಹೊತ್ತನ್ನು ಡಿಕ್ಟೇಶನ್ನಿನಲ್ಲಿ ಕಳೆಯಬೇಡಿ ಎಂಬುದಷ್ಟೇ ನನ್ನ ಕೋರಿಕೆ.

ಎರಡನೆಯದು ಆಕ್ಷೇಪಕ್ಕಿಂತ ಹೆಚ್ಚಾಗಿ ಆಮಿಷ. ‘ಇದೆಲ್ಲ ಎಂತಕೆ ಮೇಡಂ, ಚಾಟ್‌ಜಿಪಿಟಿ ಕೇಳಿದ್ರೆ ಆಯ್ತಲ್ಲ’ ಎನ್ನುವವರು ಪ್ರತಿ ಬೆಂಚಿನಲ್ಲೂ ಇದ್ದಾರೆ. ಅವರಿಗೆ ಎರಡು ಘಟನೆ ಹೇಳುತ್ತೇನೆ. 2023ರಲ್ಲಿ ನ್ಯೂಯಾರ್ಕಿನ ವಕೀಲರು ಚಾಟ್‌ಜಿಪಿಟಿ ಕಟ್ಟಿಕೊಟ್ಟ, ಎಲ್ಲೂ ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಸಲ್ಲಿಸಿ 5,000 ಡಾಲರ್ ದಂಡ ಕಟ್ಟಿದರು. 2025ರ ಮಾರ್ಚ್‌ನಲ್ಲಿ ನಮ್ಮದೇ ಹೈಕೋರ್ಟು, ಬೆಂಗಳೂರಿನ ಸಿವಿಲ್ ಕೋರ್ಟಿನ ಆದೇಶವೊಂದರಲ್ಲಿ ಉಲ್ಲೇಖಿಸಿದ್ದ ಸುಪ್ರೀಂ ಕೋರ್ಟ್ ತೀರ್ಪುಗಳು ಅಸ್ತಿತ್ವದಲ್ಲೇ ಇಲ್ಲವೆಂದು ಕಂಡು ವಿಚಾರಣೆಗೆ ಸೂಚಿಸಿತು. ಅವು ಎಲ್ಲಿಂದ ಬಂದವು ಎಂಬುದು ಬೇರೆ ಮಾತು. ಹೆಸರು ಹಾಕಿ ಹುಡುಕಿದ್ದರೆ ಐದು ನಿಮಿಷದಲ್ಲಿ ಬಯಲಾಗುತ್ತಿತ್ತು ಎಂಬುದು ನನ್ನ ಪಾಠ. ಯಂತ್ರ ಹೇಳಿದ್ದನ್ನು ಪರೀಕ್ಷಿಸಲು ಬೇಕಾದ ಉಚಿತ ಭಂಡಾರ ನಮ್ಮ ಕೈಯಲ್ಲಿದೆ. ಅದನ್ನು ತೆರೆದು ನೋಡುವ ಚಾಳಿ ಕಾಲೇಜಿನಲ್ಲೇ ಬರದಿದ್ದರೆ ಕರಿಕೋಟು ಹಾಕಿದ ಮೇಲೆ ಬರುವುದಿಲ್ಲ.

ಮೂರನೆಯ ಆಕ್ಷೇಪ ನಮ್ಮವರದೇ. ‘ಇಪ್ಪತ್ತು ವರ್ಷ ಕೂತು ಮಾಡಿದ ನೋಟ್ಸು ಪುಕ್ಕಟೆ ಯಾಕೆ ಹಂಚಲಿ?’ ಎಂದು ಹಿರಿಯ ಸಹೋದ್ಯೋಗಿಯೊಬ್ಬರು ನೇರವಾಗಿಯೇ ಕೇಳಿದರು. ನಿಜ ಹೇಳಬೇಕೆಂದರೆ ಆ ನೋಟ್ಸು ಆಗಲೇ ಹಂಚಿಕೆಯಾಗಿರುತ್ತದೆ, ಹೆಸರು ಕಿತ್ತುಹಾಕಿ, ಅರ್ಧ ಅಳಿಸಿದ ಜೆರಾಕ್ಸಿನ ಜೆರಾಕ್ಸಾಗಿ. ಮುಕ್ತ ಪರವಾನಗಿಯಲ್ಲಿ ಪ್ರಕಟಿಸಿದರೆ ಬರೆದವರ ಹೆಸರು ಉಳಿಯುತ್ತದೆ, ತಪ್ಪು ಸಿಕ್ಕಿದವರು ತಿದ್ದುತ್ತಾರೆ. ಕನ್ನಡದಲ್ಲಿ ಇದು ಆಗದ ಕೆಲಸವೇನೂ ಅಲ್ಲ. ನಮ್ಮ ಸರ್ಕಾರಿ ಹೈಸ್ಕೂಲ್ ಮೇಷ್ಟರುಗಳು 2013ರಿಂದ ಇದನ್ನು ಮಾಡಿ ತೋರಿಸಿದ್ದಾರೆ. ಶಿಕ್ಷಣ ಇಲಾಖೆಯ ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆ ಕೂಡಿ ನಡೆಸಿದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಯೋಜನೆಯಲ್ಲಿ ಗಣಿತ, ವಿಜ್ಞಾನ, ಸಮಾಜದ ಪಾಠಗಳನ್ನು ಶಿಕ್ಷಕರೇ ಕನ್ನಡದಲ್ಲಿ ಬರೆದು ಎಲ್ಲರಿಗೂ ತೆರೆದಿಟ್ಟರು. ಹೈಸ್ಕೂಲಿಗೆ ಆದದ್ದು ಕಾನೂನು ಕಾಲೇಜಿಗೆ ಯಾಕಾಗಬಾರದು?

ಕನ್ನಡದ ವಿಷಯದಲ್ಲಿ ಇನ್ನೊಂದು ತೊಡಕಿದೆ. ಸರ್ಕಾರಿ ಕಡತಗಳಲ್ಲಿ ಸಿಗುವ ಕನ್ನಡದ ಕಾನೂನು ಪಠ್ಯ ಎಷ್ಟೋ ಸಲ ಸ್ಕ್ಯಾನ್ ಮಾಡಿದ ಚಿತ್ರ, ಇಲ್ಲವೇ ಹಳೇ ಫಾಂಟಿನ ಕಡತ. ಅದರೊಳಗೆ ‘ಗೇಣಿ’ ಎಂದು ಹುಡುಕಿದರೆ ಏನೂ ಸಿಗದು. ಮೂಡಿಗೆರೆಯಲ್ಲಿ ಕೂತು ಕನ್ನಡಕ್ಕೆ ಒಳ್ಳೆಯ ತಂತ್ರಾಂಶ ಬೇಕೆಂದು ಪೂರ್ಣಚಂದ್ರ ತೇಜಸ್ವಿ ಕೊನೆಯ ವರ್ಷಗಳಲ್ಲಿ ಹಟ ಹಿಡಿದಿದ್ದರು. ಅವರು ತೀರಿಕೊಂಡ 2007ರಲ್ಲಿ ಫೋನಿನಲ್ಲಿ ಕನ್ನಡ ಬರೆಯುವುದೇ ಹೆಚ್ಚಿನವರಿಗೆ ದೂರದ ಮಾತು. ಇವತ್ತು ಯುನಿಕೋಡ್ ಎಲ್ಲರ ಕೈಯಲ್ಲಿದ್ದೂ ಕಾಯ್ದೆಯ ಕನ್ನಡ ಪ್ರತಿಯಲ್ಲಿ ಒಂದು ಪದ ಹುಡುಕಲಾಗದಿದ್ದರೆ ಅದಕ್ಕೆ ಸೋಮಾರಿತನವಲ್ಲದೆ ಬೇರೆ ಕಾರಣವಿಲ್ಲ.

ಹಾಗಾಗಿ ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ನನ್ನ ಅಹವಾಲು ಮೂರು. 2009ರಲ್ಲಿ ಶುರುವಾದ ಈ ವಿಶ್ವವಿದ್ಯಾಲಯದ ಅಡಿಯಲ್ಲಿ ಬೀದರಿನಿಂದ ಚಾಮರಾಜನಗರದವರೆಗೆ ಕಾಲೇಜುಗಳಿವೆ. ಒಂದೊಂದು ಕಾಲೇಜು ಒಂದೊಂದು ವಿಷಯ ಹಂಚಿಕೊಂಡು ಕನ್ನಡದಲ್ಲಿ ಮುಕ್ತ ಪಾಠ ಸಿದ್ಧಪಡಿಸಲಿ. ಪ್ರತಿ ಪಾಠದ ತಲೆಯ ಮೇಲೆ ಬರೆದವರ ಹೆಸರು ಮತ್ತು ಕೊನೆಯದಾಗಿ ತಿದ್ದಿದ ದಿನಾಂಕ ಇರಲಿ. ಎರಡನೆಯದಾಗಿ, ಇದಕ್ಕೆ ಸಂಭಾವನೆ ಇರಲಿ. ಕಾಲೇಜುಗಳ ಪಾಠದ ಭಾರ ಹೊತ್ತವರಲ್ಲಿ ಬಹಳಷ್ಟು ಮಂದಿ ಗಂಟೆ ಲೆಕ್ಕದ ಅತಿಥಿಗಳು. ಸೇವೆಯ ಹೆಸರಿನಲ್ಲಿ ಅವರಿಂದ ಬಿಟ್ಟಿ ಬರೆಸಿಕೊಳ್ಳುವುದು ಅನ್ಯಾಯ. ಓದುಗರಿಗೆ ಉಚಿತವಾಗಿ ಸಿಗಬೇಕಾದ ಪಾಠಕ್ಕೆ ಬರೆದವರ ಕೂಲಿಯನ್ನು ಯಾರಾದರೂ ಕೊಡಲೇಬೇಕು. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಪ್ರತಿ ಪ್ರಶ್ನೆಪತ್ರಿಕೆಯಲ್ಲಿ ಒಂದು ಪ್ರಶ್ನೆಯಾದರೂ ವಿದ್ಯಾರ್ಥಿ ಹಿಂದೆ ಓದಿರದ ತೀರ್ಪಿನ ಒಂದೆರಡು ಪುಟ ಕೊಟ್ಟು, ಕಾಯ್ದೆಯ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಉತ್ತರಿಸುವಂತಿರಲಿ. ಅಷ್ಟಾದರೆ ಗೈಡಿನ ಅಂಗಡಿ ತಾನಾಗಿ ಸಣ್ಣದಾಗುತ್ತದೆ.

ಇದು ಕಾಲೇಜಿನ ಗೋಡೆಯೊಳಗಿನ ವಿಷಯ ಮಾತ್ರವಲ್ಲ. ಇವತ್ತು ಹಿಂದಿನ ಬೆಂಚಿನಲ್ಲಿ ಕೂತವನ ಹತ್ತಿರವೇ ನಾಳೆ ತೋಟದ ಲೈನ್ ಮನೆಯ ಕೂಲಿಯಾಳು, ಬಗರ್ ಹುಕುಂ ಸಕ್ರಮಕ್ಕೆ ಫಾರಂ 57 ಹಾಕಿ ಕಾದು ಸುಸ್ತಾದ ಸಣ್ಣ ಹಿಡುವಳಿದಾರ, ಅರಣ್ಯ ಇಲಾಖೆಯ ನೋಟಿಸು ಹಿಡಿದ ಗಿರಿಜನರು ಬರುತ್ತಾರೆ. ದೊಡ್ಡ ತೋಟದವರು ಬೆಂಗಳೂರಿನಿಂದ ವಕೀಲರನ್ನು ಕರೆಸಿಕೊಂಡಾರು. ಇವರಿಗೆ ಸಿಗುವುದು ನಾವು ತಯಾರು ಮಾಡಿದವರೇ.

2024ರಂಥದೇ ಮತ್ತೊಂದು ಬದಲಾವಣೆ ಆಗಲೇ ಬಂದಿದೆ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಯಾದವು. ಕಾಫಿ ಸೀಮೆಯ ಕಾರ್ಮಿಕರಿಗೆ ಏಳು ದಶಕ ಆಸರೆಯಾಗಿದ್ದ 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಅವುಗಳಲ್ಲಿ ಒಂದರೊಳಗೆ ಸೇರಿಹೋಯಿತು. ಮನೆ, ಕುಡಿಯುವ ನೀರು, ಮಕ್ಕಳ ಶಾಲೆ ಇವುಗಳ ಬಗ್ಗೆ ಹೊಸ ಸಂಹಿತೆ ಏನು ಹೇಳುತ್ತದೆ ಎಂದು ಲೈನ್ ಮನೆಯವರು ಕೇಳಿದರೆ ಕೈಗೆ ಕೊಡಲು ನನ್ನ ಬಳಿ ಕನ್ನಡದ ಒಂದು ಪಾಠ ಇಲ್ಲ. ಅದಕ್ಕೇ ತೋಟಗಳಿಗೆ ಸಂಬಂಧಿಸಿದ ಭಾಗವನ್ನು ನನ್ನ ವಿದ್ಯಾರ್ಥಿಗಳ ಜೊತೆ ಕೂತು ಸರಳ ಕನ್ನಡದಲ್ಲಿ ಬರೆಯಲು ಶುರುಮಾಡಿದ್ದೇನೆ. ಯುನಿಕೋಡಿನಲ್ಲೇ ಇರುತ್ತದೆ, ಯಾರು ಬೇಕಾದರೂ ಒಯ್ಯಬಹುದು, ತಿದ್ದಬಹುದು, ತಮ್ಮ ಕಾಲೇಜಿನಲ್ಲಿ ಕಲಿಸಬಹುದು. ಗ್ರಾಚ್ಯುಟಿ, ಪಿಎಫ್‌ನ ಭಾಗ ಸಕಲೇಶಪುರ ಕಡೆಯ ಉಪನ್ಯಾಸಕರು ಬರೆಯಲಿ, ವೇತನದ ಭಾಗ ಮಡಿಕೇರಿಯವರು. ವಿಶ್ವವಿದ್ಯಾಲಯದ ಸುತ್ತೋಲೆ ಬಂದಾಗ ಬರಲಿ.